ಎರೆನಾಡಿನ ನೀಲಿ ಸೀರೆ

ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಬಸ್ಸು ಹೊರಟರೆ ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ತಿರ್ಲಾಪುರ ಈ ಕರಿಮಣ್ಣಿನ ಸೀಮೆಯ ಊರು. ಹಿಂಗಾರಿನ ಬಿಳಿಜೋಳ, ಕಡಲೆ, ಗೋಧಿ ಈ ಸೀಮೆಯ ಬದುಕು. ಎಳ್ಳಮಾವಾಸ್ಯೆಗೆ ಇಲ್ಲಿ ಬಂದವರು ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ ಪಲ್ಯದ ಬುತ್ತಿ ಹೊತ್ತು ಚರಗ ಚೆಲ್ಲಲು ಹೊಲಕ್ಕೆ ಹೊರಟ ಹೆಣ್ಣುಮಕ್ಕಳ ಉಡುಗೆಯನ್ನೂ ಒಮ್ಮೆ ನೋಡಬೇಕು. ಕರಿಮಣ್ಣಿನ ಮೇಲೆ, ಹಸಿರು ಜೋಳದ ನಡುವೆ, ಕಡುನೀಲಿ ಸೀರೆಗೆ ಕೆಂಪು ಸೆರಗು!

ಶಾಲೆಯ ಮಕ್ಕಳು ಈ ಬಣ್ಣವನ್ನು ‘ನೇವಿ ಬ್ಲೂ’ ಎನ್ನುತ್ತಾರೆ. ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳು 1748ರಿಂದ ತೊಟ್ಟ ಸಮವಸ್ತ್ರದಿಂದ ಬಂದ ಹೆಸರಿದು. ಸಮುದ್ರವಿಲ್ಲದ ಈ ನಾಡಿಗೆ ಅದು ಶಾಲೆಯ ಲಂಗದೊಂದಿಗೆ ಬಂದಿರಬೇಕು. ಬಣ್ಣ ಮಾತ್ರ ಹೊಸದಲ್ಲ. ಅಜ್ಜಿಯ ಟ್ರಂಕಿನಲ್ಲಿ ಮಡಿಚಿಟ್ಟ ಇಳಕಲ್ ಸೀರೆಯಲ್ಲಿ ಅದು ಮೊದಲೇ ಇತ್ತು.

ಹಾಗಾದರೆ ಕಡುನೀಲಿಗೆ ಯಾವುದು ಒಪ್ಪುತ್ತದೆ? ಈಗಿನ ಅಂಗಡಿಗಳಲ್ಲಿ ‘ಮ್ಯಾಚಿಂಗ್’ ಎಂದರೆ ಅದೇ ಬಣ್ಣದ ರವಿಕೆ, ಅದೇ ಬಣ್ಣದ ಬಳೆ. ಇಲ್ಲಿಯ ಹಿರಿಯರ ಲೆಕ್ಕವೇ ಬೇರೆ. ಕಡುಬಣ್ಣದ ಎದುರು ತಿಳಿಬಣ್ಣ ನಿಲ್ಲಬೇಕು, ಕೆಂಪು ಬೆಳಗಬೇಕು.

ಮೊದಲು ಸೆರಗು. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆಯ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆದ್ದರಿಂದಲೇ ಹತ್ತಿಯ ನೀಲಿ ಒಡಲಿಗೆ ರೇಷ್ಮೆಯ ಕೆಂಪು ಸೆರಗು ಕೂಡುತ್ತದೆ. ಸೆರಗಿನ ಮೇಲಿನ ಬಿಳಿ ಚಿತ್ತಾರಗಳಿಗೆ ಹಣಿಗೆ, ಕೋಟೆ ಕಮ್ಮಲಿ, ತೋಪುತೆನೆ ಎಂಬ ಹೆಸರುಗಳಿವೆ. ತೋಪುತೆನೆ ಎಂದರೆ ಜೋಳದ ತೆನೆ. ಹೊಲದಲ್ಲಿ ಬೆಳೆದದ್ದು ಹೆಗಲ ಮೇಲೂ ಇರುತ್ತದೆ!

ಎರಡನೆಯದು ಕುಬಸ. ಅದಕ್ಕೆ ಗುಳೇದಗುಡ್ಡದ ಖಣವೇ ಸರಿ. ತೇರು, ಆನೆಹೆಜ್ಜೆಯಂಥ ಸಣ್ಣ ಬುಟ್ಟಾಗಳ ಕೆಂಪು ಅಥವಾ ಹಸಿರು ಖಣ ನೀಲಿಗೆ ಚೆನ್ನಾಗಿ ಒಪ್ಪುತ್ತದೆ. ಖಣದ ಪನ್ನ ಕಿರಿದು. ಉದ್ದ ತೋಳಿನ ಕುಬಸ ಬೇಕಾದವರು ಅಳತೆ ನೋಡಿ ಕೊಳ್ಳುವುದು ಲೇಸು.

ಮೂರನೆಯದು ಕಸೂತಿ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತುಳಸಿಕಟ್ಟೆ, ತೇರು, ನವಿಲು ಮೂಡುತ್ತವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಬಿಳಿ, ಹಳದಿ, ಕೆಂಪು ದಾರಗಳು ಕಡುನೀಲಿಯ ಮೇಲೆ ಎದ್ದು ಕಾಣುತ್ತವೆ. ಗಣಿತ ಬಲ್ಲ ಮಕ್ಕಳಿಗೆ ರಜೆಯಲ್ಲಿ ಕಲಿಯಲು ಇದಕ್ಕಿಂತ ಒಳ್ಳೆಯ ಕೆಲಸ ಉಂಟೆ?

ಇಷ್ಟಾದ ಮೇಲೆ ಹಸಿರು ಗಾಜಿನ ಬಳೆ, ಕಿವಿಗೆ ಝುಮಕಿ, ಮುಡಿಗೆ ಸೇವಂತಿಗೆ ಸಾಕು. ಕೊರಳಲ್ಲಿ ಬೋರಮಾಳವಿದ್ದರೆ ಬೇರೆ ಸರ ಬೇಡ.

ಕಾಲೇಜಿನ ಸಮಾರಂಭ ಬಂದಾಗ ಮಗಳಿಗೆ ಹೊಸ ಬಟ್ಟೆಯ ಆಸೆ, ತಂದೆಗೆ ಖರ್ಚಿನ ಚಿಂತೆ. ಒಂದು ದಿನದ ಉಡುಗೆಗಾಗಿ ದುರ್ಗದಬೈಲಿನ ಅಂಗಡಿಗಳನ್ನೆಲ್ಲ ಸುತ್ತಬೇಕಾಗಿಲ್ಲ. ಚೂಡಿದಾರ ತೊಡುವ ಹುಡುಗಿಯೂ ನೀಲಿ ಬಟ್ಟೆಯ ಮೇಲೆ ಖಣದ ಪಟ್ಟಿ ಹೊಲಿಸಿಕೊಂಡು, ಕೆಂಪು ಓಢಣಿ ಹೊದ್ದರೆ ಅದೇ ಹೊಂದಿಕೆ ಬರುತ್ತದೆ. ಹೊಸ ಸೀರೆಯನ್ನೇ ಕೊಳ್ಳುವುದಾದರೆ ಒಡಲು–ಸೆರಗು ಕೂಡುವ ಜಾಗವನ್ನು ಬಿಡಿಸಿ ನೋಡಬೇಕು. ಅಲ್ಲಿ ಕೊಂಡಿಗಳ ಸಾಲು ಕಂಡರೆ ಅದು ನೇಕಾರರ ಕೈಯ ದುಡಿಮೆ. ಬೆಲೆ ತುಸು ಹೆಚ್ಚಾದದ್ದೂ ಅದಕ್ಕೇ. ಕೆಂಪು ಬಣ್ಣ ಬಿಡಬಹುದಾದ್ದರಿಂದ ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆಯಾಗಿಯೇ ಆಗಲಿ.

ಒಂದು ಮಾತು ಮಾತ್ರ ಮರೆಯಬಾರದು. ಅವ್ವನ ಹಳೆಯ ಇಳಕಲ್ ಸೀರೆ ಕತ್ತರಿಸಿ ಡ್ರೆಸ್ ಹೊಲಿಸುವ ರೂಢಿ ಈಗ ಹೆಚ್ಚಾಗಿದೆ. ಹರಿದ ಸೀರೆಗಾದರೆ ಸರಿ. ಗಟ್ಟಿ ಸೀರೆಗೆ ಕತ್ತರಿ ಹಾಕುವ ಮುನ್ನ ತುಸು ಯೋಚಿಸಬೇಕು. ಹೊಲಿದ ಡ್ರೆಸ್ ಎರಡು ವರ್ಷಕ್ಕೆ ಬಿಗಿಯಾದೀತು. ಸೀರೆಗೆ ಅಳತೆಯ ಹಂಗಿಲ್ಲ; ಅಕ್ಕ ಉಟ್ಟದ್ದನ್ನು ನಾಳೆ ತಂಗಿಯೂ ಉಟ್ಟಾಳು.