ತಗಡು ಸುತ್ತಿದ ಮರ

ಕಾರವಾರದ ಕಡಲತೀರ ನೋಡಿದ ಮಕ್ಕಳಿಗೆ ಗಾಳಿಮರದ ಗುರುತು ಇರುತ್ತದೆ. ಬಯಲುಸೀಮೆಯವರು ಅದನ್ನು ಸರ್ವೆ ಮರ ಎನ್ನುತ್ತಾರೆ. ಅದರ ಮುಳ್ಳುಮುಳ್ಳಾದ ಪುಟ್ಟ ಕಾಯಿಯನ್ನು ಆರಿಸಿ ಜೇಬಿಗೆ ಹಾಕಿಕೊಳ್ಳದವರು ಕಡಿಮೆ. ಇದೇ ಬಳಗದ ಮರಗಳ ಕಾಯಿಯನ್ನು ನಂಬಿ ಬದುಕುವ ಒಂದು ಗಿಳಿ ಆಸ್ಟ್ರೇಲಿಯಾದಲ್ಲಿದೆ. ಅದು ಹೊಳಪುಗಪ್ಪು ಕಾಕಟೂ.

ಮೈ ಕಂದುಗಪ್ಪು, ಬಾಲದಲ್ಲಿ ಕೆಂಪು ಪಟ್ಟಿ. ಹೆಣ್ಣಿನ ತಲೆಯ ಮೇಲೆ ಹಳದಿ ಮಚ್ಚೆ. ಪೂರ್ವ ಆಸ್ಟ್ರೇಲಿಯಾದ ಕಾಡುಗಳು ಇದರ ಮನೆ. ಇದರ ಒಂದು ಉಪಜಾತಿ ಮಾತ್ರ ದೂರದ ದಕ್ಷಿಣದಲ್ಲಿ, ಕಾಂಗರೂ ದ್ವೀಪವೊಂದರಲ್ಲೇ ಉಳಿದಿದೆ. ದ್ವೀಪದ ಎದುರಿನ ನೆಲದಲ್ಲೂ ಹಿಂದೆ ಇತ್ತು. ಹೊಲಗಳಿಗಾಗಿ ಸರ್ವೆ ಕಡಿದಂತೆ ಅಲ್ಲಿಂದ ಕಣ್ಮರೆಯಾಯಿತು.

ಈ ಹಕ್ಕಿಗೆ ಒಂದು ಜಾತಿಯ ಮರ ಸಾಲದು. ಊಟಕ್ಕೆ ಸರ್ವೆ ಬೇಕು, ಗೂಡಿಗೆ ನೀಲಗಿರಿ ಬಳಗದ ಹಳೆಯ ಮರದ ಪೊಟರೆ ಬೇಕು. ಅಂಥ ಪೊಟರೆ ಆಗಲು ನೂರು ವರ್ಷವಾದರೂ ಹಿಡಿಯುತ್ತದೆ. ತಾಯಿ ಅದರೊಳಗೆ ಕಾವು ಕೂತರೆ, ತಂದೆ ಕಾಯಿ ಸೀಳಿ ಬೀಜ ತಿಂದು ಬಂದು ಅವಳಿಗೆ ಉಣಿಸುತ್ತಾನೆ. ಇಡುವ ಮೊಟ್ಟೆ ಒಂದೇ.

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದ ನನಗೆ ಈ ಲೆಕ್ಕ ಎದೆ ನಡುಗಿಸುತ್ತದೆ. ಜೋಡಿಯೊಂದಕ್ಕೆ ಸಲಕ್ಕೆ ಒಂದೇ ಮರಿ ಜಮೆ. ಅದನ್ನೂ ಪಾಸಮ್ ಎಂಬ, ಬೆಕ್ಕಿನ ಗಾತ್ರದ ಪ್ರಾಣಿ ರಾತ್ರಿ ಮರ ಹತ್ತಿ ತಿಂದುಬಿಡುತ್ತಿತ್ತು. 1990ರ ದಶಕದಲ್ಲಿ ದ್ವೀಪದಲ್ಲಿ ಉಳಿದಿದ್ದ ಹಕ್ಕಿಗಳು 200ಕ್ಕೂ ಕಡಿಮೆ.

ಆಗ ಅಲ್ಲಿನವರು ಗೂಡಿನ ಮರಗಳಿಗೆ ನುಣುಪಾದ ತಗಡು ಸುತ್ತಿದರು. ಇಲಿ ಹತ್ತದಿರಲೆಂದು ನಾವು ತೆಂಗಿನ ಮರಕ್ಕೆ ತಗಡು ಕಟ್ಟುವುದಿಲ್ಲವೇ, ಹಾಗೆಯೇ. ಪಾಸಮ್ ಪಕ್ಕದ ಮರದಿಂದ ದಾಟಿ ಬಾರದಂತೆ ಕೊಂಬೆ ಸವರಿದರು. ಸರ್ವೆ ಸಸಿ ನೆಟ್ಟರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಹಕ್ಕಿಗಳ ಸಂಖ್ಯೆ 350 ದಾಟಿತು.

ಅಷ್ಟರಲ್ಲಿ 2019ರ ಕೊನೆಗೆ ಹೊತ್ತಿದ ಕಾಡ್ಗಿಚ್ಚು 2020ರ ಆರಂಭದ ಹೊತ್ತಿಗೆ ದ್ವೀಪದ ಸುಮಾರು ಅರ್ಧ ಭಾಗವನ್ನು ಸುಟ್ಟಿತು. ಅನೇಕ ಹಕ್ಕಿಗಳು ಹಾರಿ ಪಾರಾದವು. ಆದರೆ ಸರ್ವೆಗೆ ರೆಕ್ಕೆಯಿಲ್ಲವಲ್ಲ! ಅವು ಮೇಯುತ್ತಿದ್ದ ತೋಪುಗಳಲ್ಲಿ ಅರ್ಧಕ್ಕೂ ಹೆಚ್ಚು ಬೂದಿಯಾದವು. ಜನ ಕೈಕಟ್ಟಿ ಕೂರಲಿಲ್ಲ. ಮತ್ತೆ ಸಸಿ ನೆಟ್ಟರು, ಗೂಡುಪೆಟ್ಟಿಗೆಗಳನ್ನು ಕಟ್ಟಿದರು.

ಇವತ್ತು ನೆಟ್ಟ ಸರ್ವೆಯ ಕಾಯನ್ನು ಕೆಲವು ವರ್ಷಗಳಲ್ಲಿ ಕಾಣಬಹುದು. ಇವತ್ತು ನೆಟ್ಟ ನೀಲಗಿರಿಯ ಪೊಟರೆಯನ್ನು ನಾನಂತೂ ಕಾಣೆ, ನನ್ನ ಮೊಮ್ಮಕ್ಕಳೂ ಕಾಣುವುದು ಅನುಮಾನ. ಸಸಿ ನೆಡುವುದು ಒಳ್ಳೆಯದು, ನೆಡೋಣ ಮಕ್ಕಳೇ. ಜೊತೆಗೆ, ನಿಂತಿರುವ ಹಳೆಯ ಮರದ ಬುಡಕ್ಕೆ ಕೊಡಲಿ ಬೀಳದಂತೆಯೂ ನೋಡಿಕೊಳ್ಳೋಣ.