ಪೂರ್ವ ಮುಕ್ತಮಾರ್ಗವೂ ನಮ್ಮ ಒಂದು ತಪ್ಪು ಉತ್ತರವೂ

ಕಳೆದ ವರ್ಷ ಏಳನೆಯ ತರಗತಿಯಲ್ಲಿ ಮುಂಬಯಿಯ ರಸ್ತೆಗಳನ್ನು ಕುರಿತು ಪಾಠ ಹೇಳುತ್ತಿದ್ದೆವು. ನೀವೆಲ್ಲ ಈಸ್ಟರ್ನ್ ಫ್ರೀವೇ ಎಂದು ಕರೆಯುವ ಪೂರ್ವ ಮುಕ್ತಮಾರ್ಗವು ಪಿ. ಡಿಮೆಲ್ಲೊ ರಸ್ತೆಯ ಆರೆಂಜ್ ಗೇಟಿನ ಬಳಿ ಆರಂಭವಾಗುವುದೆಂದು ಕರಿಹಲಗೆಯ ಮೇಲೆ ಗೆರೆಯೆಳೆದು ತೋರಿಸಿದೆವು. ಆಗ ಹಿಂದಿನ ಸಾಲಿನ ಬಾಲಕನೊಬ್ಬನು ಎದ್ದು ನಿಂತು, "ಸರ್, ಈ ಡಿಮೆಲ್ಲೊ ಎಂದರೆ ಯಾರು?" ಎಂದು ಕೇಳಿದನು.

ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳಲು ನಾಚಿಕೆಯಾಯಿತು. "ಯಾರೋ ಹಳೆಯ ಕಾಲದ ಪೋರ್ಚುಗೀಸ್ ಸಾಹೇಬ" ಎಂದುಬಿಟ್ಟೆವು. ಬಾಲಕನು ತಲೆತಗ್ಗಿಸಿ ಕುಳಿತನು; ಪಾಠ ಮುಂದೆ ಸಾಗಿತು.

ಆ ಮಾರ್ಗದ ಚರಿತ್ರೆ ಮಾತ್ರ ನಮಗೆ ಚೆನ್ನಾಗಿ ಬರುತ್ತಿತ್ತು. 1960ರ ದಶಕದ ಆದಿಯಲ್ಲಿ ಅಮೆರಿಕದ ವಿಲ್ಬರ್ ಸ್ಮಿತ್ ಸಂಸ್ಥೆಯವರು ಮುಂಬಯಿಯ ಸಂಚಾರವನ್ನು ಪರಿಶೀಲಿಸಿ, ನಗರದ ಪೂರ್ವಕ್ಕೂ ಪಶ್ಚಿಮಕ್ಕೂ ತಡೆಯಿಲ್ಲದ ಹೆದ್ದಾರಿಗಳು ಬೇಕೆಂದು ಸೂಚಿಸಿದರು. ಸೂಚನೆ ಕಾಗದದಲ್ಲಿಯೇ ಉಳಿಯಿತು. ಸುಮಾರು ಐವತ್ತು ವರ್ಷಗಳು ಕಳೆದ ಮೇಲೆ, 2013ರ ಜೂನ್ ತಿಂಗಳಲ್ಲಿ, ಮೊದಲ ಭಾಗವು ಚೆಂಬೂರಿನ ಪಾಂಜರಾಪೋಳದವರೆಗೆ ತೆರೆಯಿತು. 2014ರ ಜೂನ್‌ನಲ್ಲಿ ಉಳಿದ ಭಾಗವೂ ಸೇರಿ, ಘಾಟ್‌ಕೋಪರ್–ಮಾನ್‌ಖುರ್ದ್ ರಸ್ತೆಯವರೆಗೆ 16.8 ಕಿಲೋಮೀಟರುಗಳ ದಾರಿ ಪೂರ್ಣವಾಯಿತು.

ಒಮ್ಮೆ ಮಿತ್ರರೊಬ್ಬರ ಕಾರಿನಲ್ಲಿ ಅದರ ಮೇಲೆ ಹೋಗುವ ಯೋಗ ನಮಗೆ ಒದಗಿತು. ಆರೆಂಜ್ ಗೇಟಿನಿಂದ ಆಣಿಕ್‌ವರೆಗೆ ಒಂಬತ್ತು ಕಿಲೋಮೀಟರಿಗೂ ಮಿಕ್ಕಿ ದಾರಿಯು ಕಂಬಗಳ ಮೇಲೆಯೇ ಸಾಗುತ್ತದೆ. ಕೆಳಗೆ ಬಂದರಿನ ಉಗ್ರಾಣಗಳು, ರೈಲುಹಳಿಗಳು. ಆಚೆಗೆ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವ ಶಿವಡಿಯ ಕೆಸರುನೆಲ. 2024ರಲ್ಲಿ ತೆರೆದ ಅಟಲ್ ಸೇತುವು ಶಿವಡಿಯಲ್ಲಿಯೇ ಇದನ್ನು ಕೂಡುತ್ತದೆ. ಆಣಿಕ್ ದಾಟಿದ ಬಳಿಕ ಗುಡ್ಡವನ್ನು ಕೊರೆದು ಮಾಡಿದ ಜೋಡಿ ಸುರಂಗಗಳಿವೆ. ಒಂದೊಂದೂ ಸುಮಾರು ಅರ್ಧ ಕಿಲೋಮೀಟರು ಉದ್ದ. ಅನಂತರ ಪಾಂಜರಾಪೋಳ, ಅಲ್ಲಿಂದಾಚೆಗೆ ಮತ್ತೊಂದು ಮೇಲ್ಸೇತುವೆ. ಕಾಲ್ನಡಿಗೆಯವರಿಗೂ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಇಲ್ಲಿ ಪ್ರವೇಶವಿಲ್ಲ. ಹೆಸರು ಮುಕ್ತಮಾರ್ಗವಾದರೂ ನಮ್ಮಂಥವರು ಅದರ ಕೆಳಗೇ ನಡೆಯಬೇಕು.

ಕೆಲವು ದಿನಗಳ ಅನಂತರ ಗ್ರಂಥಾಲಯದಲ್ಲಿ ಕಾರ್ಮಿಕ ಚಳವಳಿಯ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ ಆ ಹೆಸರು ಕಣ್ಣಿಗೆ ಬಿದ್ದಿತು. ಪ್ಲಾಸಿಡ್ ಡಿಮೆಲ್ಲೊ ಅವರು ದಕ್ಷಿಣ ಕನ್ನಡದ ಕಡೆಯಿಂದ ಮುಂಬಯಿಗೆ ಬಂದವರು. ಬಂದರಿನ ಕೂಲಿಗಾರರನ್ನು ಸಂಘಟಿಸಿ ಅವರ ಮುಂದಾಳಾಗಿ ದುಡಿದು, 1958ರಲ್ಲಿ ತೀರಿಕೊಂಡವರು. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಈ ನಗರಕ್ಕೆ ಬಂದ ಹೊಸದರಲ್ಲಿ ಕಾರ್ಮಿಕ ಸಂಘದ ಕೆಲಸವನ್ನು ಕಲಿತದ್ದು ಇವರ ಬಳಿಯಲ್ಲಿ. ಹಿಂದೆ ಫ್ರಿಯರ್ ರೋಡ್ ಎನಿಸಿಕೊಂಡಿದ್ದ ಬೀದಿಗೆ ಇಂದು ಇವರ ಹೆಸರಿದೆ. ನಾವೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರೇ. ಅದೇ ಬೀದಿಯಲ್ಲಿ ಎಷ್ಟೋ ಸಲ ನಡೆದವರು. ಆದರೂ ನಮ್ಮವರೊಬ್ಬರನ್ನು ಪರಕೀಯರನ್ನಾಗಿ ಮಾಡಿಬಿಟ್ಟಿದ್ದೆವು.

ಮರುದಿನ ತರಗತಿಯಲ್ಲಿ ನಿಂತು, "ಮಕ್ಕಳೇ, ಅಂದು ನಾವು ಹೇಳಿದ್ದು ತಪ್ಪು" ಎಂದು ಆರಂಭಿಸಿ, ಎಲ್ಲವನ್ನೂ ಹೇಳಿದೆವು. ಗಂಟೆ ಬಾರಿಸಿದ ಮೇಲೆ ಆ ಬಾಲಕನು ಮೇಜಿನ ಬಳಿಗೆ ಬಂದನು.

"ನನಗೆ ಗೊತ್ತಿತ್ತು ಸರ್. ನಮ್ಮ ಮುತ್ತಜ್ಜ ಗೋದಿಯಲ್ಲಿ ಹಮಾಲರಾಗಿದ್ದರಂತೆ. ಡಿಮೆಲ್ಲೊ ನಮ್ಮ ಊರ ಕಡೆಯವರೆಂದು ಅಜ್ಜ ಹೇಳುತ್ತಾರೆ. ನಿಜವೋ ಅಲ್ಲವೋ ಎಂದು ತಮ್ಮನ್ನು ಕೇಳಿದೆ. ತಾವು ಬೇರೆ ಹೇಳಿದಿರಿ. ಅಜ್ಜ ಸುಳ್ಳು ಹೇಳಿದರೆಂದುಕೊಂಡೆ."

ನಮಗೆ ಮಾತು ಹೊರಡಲಿಲ್ಲ. ನಮ್ಮ ಒಂದು ಕ್ಷಣದ ನಾಚಿಕೆಯು ಇಷ್ಟು ದಿನ ಒಬ್ಬ ಹಿರಿಯರನ್ನು ಅವರ ಮೊಮ್ಮಗನ ಕಣ್ಣಿನಲ್ಲಿ ಸುಳ್ಳುಗಾರರನ್ನಾಗಿ ಮಾಡಿತ್ತು. "ಇಂದು ಮನೆಗೆ ಹೋದೊಡನೆ ಅಜ್ಜನಿಗೆ ಹೇಳಪ್ಪಾ, ಅವರು ಹೇಳಿದ್ದೇ ಸರಿ, ಮಾಸ್ತರರೇ ತಪ್ಪಿದರು ಎಂದು" ಎಂದೆವು. ಅವನು ನಕ್ಕು ಓಡಿದನು.

ಪ್ರಿಯ ವಿದ್ಯಾರ್ಥಿಗಳೇ, ಐವತ್ತು ವರ್ಷ ತಡವಾಗಿಯಾದರೂ ಆ ದಾರಿ ಮುಗಿಯಿತು. ತಪ್ಪನ್ನು ತಿದ್ದಿಕೊಳ್ಳಲು ಅಷ್ಟು ಕಾಲ ಕಾಯುವುದು ಬೇಡ. ನೀವು ನಡೆಯುವ ಬೀದಿಗಳ ಹೆಸರುಗಳನ್ನು ಮನೆಯ ಹಿರಿಯರಲ್ಲಿ ಕೇಳಿರಿ. ಅವರು ಹೇಳಿದ್ದನ್ನು ತಂದು ನಮಗೂ ತಿಳಿಸಿರಿ. ತಿಳಿಯದಿದ್ದುದನ್ನು ತಿಳಿಯದೆಂದು ಹೇಳುವ ಪಾಠವನ್ನು ನಾವು ಈಗ ಕಲಿಯುತ್ತಿದ್ದೇವೆ.