ಹಳೆಯ ಕಂಪ್ಯೂಟರ್, ಎರಡು ಪರದೆ

ಹರಿದ ಸೀರೆ ಕೌದಿಯಾಗುತ್ತದೆ, ಉಳಿದ ರೊಟ್ಟಿ ಮರುದಿನ ಒಗ್ಗರಣೆ ಕಾಣುತ್ತದೆ. ನಮ್ಮ ಹಾನಗಲ್ಲ ಕಡೆಯ ಮನೆಗಳಲ್ಲಿ ಯಾವುದನ್ನೂ ಸುಮ್ಮನೆ ಎಸೆಯುವ ರೂಢಿಯಿಲ್ಲ. ಆದರೆ ಕಂಪ್ಯೂಟರಿನ ವಿಷಯ ಬಂದೊಡನೆ ಮಾತ್ರ ಎಲ್ಲರದೂ ಒಂದೇ ಮಾತು: "ಹಳೇದಾತು, ಹೊಸಾದು ತಗೋರಿ." ಈ ಮಾತು ಎಲ್ಲ ಸಲವೂ ನಿಜವಲ್ಲ ಎಂಬುದು ನನ್ನ ಅನುಭವ. ಸೋದರಿಯರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಮನೆಯ ಕಂಪ್ಯೂಟರ್ 2014ರದು. ಒಳಗಿರುವುದು ಇಂಟೆಲ್ ಕಂಪನಿಯ ನಾಲ್ಕನೆಯ ಪೀಳಿಗೆಯ ಐ-3 ಪ್ರೊಸೆಸರ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿಸಿದೆವು. ಲಿನಕ್ಸ್ ಅಂದರೆ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು. ಮಿಂಟ್ ಹಾಕಿಕೊಳ್ಳಲು ಕಾಸು ಕೊಡಬೇಕಿಲ್ಲ.

ಮಗಳು ಪಿಯುಸಿ ಎರಡನೆಯ ವರ್ಷ, ವಿಜ್ಞಾನ. ಸಿಇಟಿ ತಯಾರಿಗೆ ಒಂದು ಪರದೆಯಲ್ಲಿ ಪಾಠದ ವಿಡಿಯೋ, ಇನ್ನೊಂದರಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಓದುತ್ತಾಳೆ. ಎರಡನೆಯ ಪರದೆ ಹಚ್ಚಿದ ಮೇಲೆ ವಿಡಿಯೋ ನಿಂತು ನಿಂತು ಬರತೊಡಗಿತು. ಚಿತ್ರ ನಡುವೆ ಅಡ್ಡಲಾಗಿ ಹರಿದಂತೆ ಕಾಣುತ್ತಿತ್ತು. "ಅವ್ವಾ, ಸರ್ ಮಾತಾಡಿ ಮುಗಿಸಿದ ಮ್ಯಾಲೆ ಅವರ ಬಾಯಿ ಅಲ್ಲಾಡತೈತಿ ನೋಡ" ಎಂದು ಮೊದಮೊದಲು ನಕ್ಕಳು. ಪರೀಕ್ಷೆ ಹತ್ತಿರ ಬಂದಂತೆ ನಗು ಹೋಯಿತು. ಪೇಟೆಯಲ್ಲಿ ವಿಚಾರಿಸಿದರೆ ಹೊಸದಕ್ಕೆ 35 ಸಾವಿರ ಎಂದರು. ನಮ್ಮಲ್ಲಿದ್ದ ಹಣ ಅವಳ ಮುಂದಿನ ಕಾಲೇಜಿನ ಪ್ರವೇಶಕ್ಕೆಂದು ಕೂಡಿಟ್ಟದ್ದು. ನಮ್ಮ ಯಜಮಾನರು, "ಅದನ್ನ ಮುಟ್ಟೂದು ಬ್ಯಾಡ" ಎಂದರು. ನನಗೂ ಅದೇ ಸರಿ ಎನಿಸಿತು.

ಶಿಗ್ಗಾಂವಿಯಲ್ಲಿರುವ ತಂಗಿಯ ಮಗ ಡಿಪ್ಲೊಮಾ ಓದಿದವನು. ಬಂದು ನೋಡಿದ. "ದೊಡ್ಡವ್ವ, ಮಷೀನ್ ಕೆಟ್ಟಿಲ್ಲ. ಕೆಲಸ ಎಲ್ಲಾ ಒಬ್ರ ಮ್ಯಾಲೇ ಬಿದ್ದೈತಿ" ಎಂದ.

ಅವನು ಬಿಡಿಸಿ ಹೇಳಿದ್ದು ಹೀಗೆ. ವಿಡಿಯೋ ಮಡಚಿಟ್ಟ ಸೀರೆಯಂತೆ ಅಡಕವಾಗಿ ಬರುತ್ತದೆ. ಅದನ್ನು ಬಿಡಿಸಲು ಇಂಟೆಲ್ ಗ್ರಾಫಿಕ್ಸಿನಲ್ಲೇ ಬೇರೆ ಭಾಗವಿದೆ. ಆದರೆ ನಮ್ಮ ಪೀಳಿಗೆಯ ಭಾಗಕ್ಕೆ ಹೆಚ್.264 ಎಂಬ ಮಡಿಕೆ ಬರುತ್ತದೆಯೇ ಹೊರತು ಈಚಿನ ವಿಪಿ9, ಎವಿ1 ಬರುವುದಿಲ್ಲ. ಯೂಟ್ಯೂಬ್ ಸಾಮಾನ್ಯವಾಗಿ ಕಳಿಸುವುದು ಈಚಿನವನ್ನೇ. ಆಗ ಬಿಡಿಸುವ ಕೆಲಸವೂ ಪ್ರೊಸೆಸರಿನ ತಲೆಗೇ. ಕೂಡು ಕುಟುಂಬದಲ್ಲಿ ಹಿರಿಸೊಸೆಯೊಬ್ಬಳೇ ನೀರು ತಂದು, ರೊಟ್ಟಿ ಬಡಿದು, ಮುಸುರೆ ತಿಕ್ಕುವಾಗ ಇನ್ನೊಬ್ಬಳು ಖಾಲಿ ಕೂತಂತೆ! ಅದು ನನಗೆ ಕೂಡಲೇ ತಿಳಿಯಿತು.

ಮಾಡಿದ ಉಪಾಯಗಳು ಇವು.

ಮೊದಲನೆಯದು, ಫೈರ್‌ಫಾಕ್ಸಿಗೆ 'ಹೆಚ್264ಇಫೈ' ಎಂಬ ಉಚಿತ ಜೋಡಣೆ. ಇದರಿಂದ ಯೂಟ್ಯೂಬ್ ನಮ್ಮ ಯಂತ್ರಕ್ಕೆ ಬರುವ ಮಡಿಕೆಯಲ್ಲೇ ವಿಡಿಯೋ ಕಳಿಸುತ್ತದೆ. 'ವಿಎಇನ್ಫೋ' ಎಂಬ ಆಜ್ಞೆ ಕೊಟ್ಟರೆ ನಿಮ್ಮ ಯಂತ್ರಕ್ಕೆ ಯಾವ ಯಾವ ಮಡಿಕೆ ಬರುತ್ತದೆಂಬ ಪಟ್ಟಿ ಕಾಣುತ್ತದೆ.

ಎರಡನೆಯದು, ಪರದೆಗಳ ವೇಗ. ಒಂದು ಪರದೆ ಸೆಕೆಂಡಿಗೆ 75 ಸಲ, ಇನ್ನೊಂದು 60 ಸಲ ಚಿತ್ರ ಬದಲಿಸುತ್ತಿತ್ತು. ಎರಡನ್ನೂ 60ಕ್ಕೆ ತಂದ. ಬೀಸುವ ಕಲ್ಲಿಗೆ ಕೂತ ಇಬ್ಬರ ಕೈಯೂ ಒಂದೇ ಲಯದಲ್ಲಿ ತಿರುಗಬೇಕಲ್ಲವೇ?

ಮೂರನೆಯದು, ಚಿತ್ರ ಹರಿಯುವುದಕ್ಕೆ ಗ್ರಾಫಿಕ್ಸಿನ 'ಟಿಯರ್‌ಫ್ರೀ' ಎಂಬ ಆಯ್ಕೆ.

ನಾಲ್ಕನೆಯದು, ಕಿಟಕಿಗಳ ನೆರಳು, ಮಿನುಗು ಕಡಿಮೆ ಇರುವ ಹಗುರವಾದ 'ಎಕ್ಸ್‌ಎಫ್‌ಸಿಇ' ಆವೃತ್ತಿ. ಪಾಠಕ್ಕೆ 1080ರ ಬದಲು 720 ಸಾಕು. ಕರಿಹಲಗೆಯ ಅಕ್ಷರ ಚೆನ್ನಾಗಿಯೇ ಕಾಣುತ್ತದೆ.

ಐದನೆಯದು ನನ್ನ ಕೈಕೆಲಸ. ವಿದ್ಯುತ್ ತೆಗೆದು, ಡಬ್ಬಿ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆದೆ. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಪ್ರೊಸೆಸರಿಗೆ ಬಿಸಿ ಹೆಚ್ಚಾದರೆ ಅದು ತಾನಾಗಿಯೇ ನಿಧಾನವಾಗುತ್ತದೆ.

ಇಷ್ಟಾದ ಮೇಲೆ, ಮೊದಲು ನೂರಕ್ಕೆ 90ರ ಮೇಲಿರುತ್ತಿದ್ದ ಪ್ರೊಸೆಸರಿನ ಭಾರ 30ಕ್ಕೆ ಇಳಿಯಿತು. ಈಗ ಸಂಜೆ ಮಗಳು ಎರಡೂ ಪರದೆ ಹಚ್ಚಿಕೊಂಡು ಓದುತ್ತಾಳೆ. ಅವಳ ಓದು ಮುಗಿದ ಮೇಲೆ ನಾನು ಕಸೂತಿಯ ವಿಡಿಯೋ ಒಂದರಲ್ಲಿ, ನಕ್ಷೆ ಇನ್ನೊಂದರಲ್ಲಿ ಇಟ್ಟುಕೊಂಡು ಎಳೆ ಎಣಿಸುತ್ತೇನೆ. ಹಿರೇಕೆರೂರಿನ ನಮ್ಮ ಅತ್ತಿಗೆಯೂ ಅಟ್ಟದ ಮೇಲಿಟ್ಟಿದ್ದ ಕಂಪ್ಯೂಟರನ್ನು ಕೆಳಗಿಳಿಸಿದ್ದಾರೆ.

ಇದಕ್ಕೂ ಮಿತಿಯುಂಟು. ತೀರ ಹಳೆಯ ಯಂತ್ರದಲ್ಲಿ ಹೆಚ್.264 ಬಿಡಿಸುವ ಭಾಗವೇ ಇಲ್ಲದಿರಬಹುದು. ಆಗ ಈ ಉಪಾಯ ನಡೆಯದು. ಆದರೂ ಹಣ ಬಿಚ್ಚುವ ಮೊದಲು ಒಂದು ಮಾತು ಕೇಳಿ ನೋಡಿ: ಯಂತ್ರಕ್ಕೆ ಶಕ್ತಿ ಸಾಲದೋ, ಅಥವಾ ಕೆಲಸದ ಹಂಚಿಕೆ ಸರಿಯಿಲ್ಲವೋ? ಮನೆ ನಡೆಸುವ ನಮಗೆ ಈ ಪ್ರಶ್ನೆ ಹೊಸದಲ್ಲ.